ನನ್ನ ಪಾಲಿನ ಗೇಣು

ನನ್ನ ಹತ್ತಿರ ಇರುವ ಅಂಗಿಗಳೆಲ್ಲ ಬಿಳಿ. ಹಿಂದೂಪುರದಲ್ಲಿ ದಿನಾ ಬಿಳಿ ಅಂಗಿ ಹಾಕಿಕೊಂಡು ಓಡಾಡುವವರು ಎರಡೇ ಬಗೆ, ರಾಜಕೀಯದವರು ಇಲ್ಲವೆ ಸೈಟು ಮಾರಿಸುವವರು. ಮೆಸ್ಸಿನಲ್ಲಿ ಎದುರಿಗೆ ಕೂತ ಅಪರಿಚಿತರು "ಏ ಪಾರ್ಟಿ ಸಾರ್?" ಎಂದು ತೆಲುಗಿನಲ್ಲಿ ಕೇಳುತ್ತಾರೆ. ನಾನು ನಕ್ಕು ಅನ್ನ ಕಲಸಿಕೊಳ್ಳುತ್ತೇನೆ. ನಿಜವಾದ ಕಾರಣವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡೂ ಒಂದೇ ಥರದ ಮಾಸಿದ ಮಣ್ಣುಬಣ್ಣ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ, ಬಿಳಿ ಯಾರಿಗೆ ತಾನೇ ಕಾಣುವುದಿಲ್ಲ? ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಹಾಕಿಕೊಂಡು ನಗೆಪಾಟಲಾಗುವುದಕ್ಕಿಂತ ಬಿಳಿಯೇ ವಾಸಿ ಅಂದುಕೊಂಡೆ.

ಬೇರೆ ಮನೆಯಲ್ಲಿ ಹುಟ್ಟಿದ್ದರೆ ಇದೊಂದು ದೊಡ್ಡ ವಿಷಯವೇ ಆಗುತ್ತಿರಲಿಲ್ಲವೇನೋ. ನಾನು ಹುಟ್ಟಿದ್ದು ಕಲ್ಯಾಣದುರ್ಗದ ಒಂದು ನೇಕಾರರ ಮನೆಯಲ್ಲಿ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಲಾಳಿ, ನಮ್ಮ ಮನೆಯ ಗಂಡಸರ ಗುರುತೇ ಅದು. ಅಲ್ಲಿ ಬಣ್ಣಗಳಿಗೆ ಬಣ್ಣದ ಹೆಸರೂ ಇರಲಿಲ್ಲ. ಮೆಣಸಿನಕಾಯಿ, ಗಿಳಿ, ಕನಕಾಂಬರ, ವಂಕಾಯಿ ಅಂದರೆ ಬದನೆ, ಮಾವಿನ ಚಿಗುರು, ಹೀಗೆ. "ಆ ಮೆಣಸಿನಕಾಯಿ ಲಡಿ ತತ್ತಾ" ಎಂದು ಅಪ್ಪ ಕೂಗಿದರೆ ಕೆಂಪು ರೇಷ್ಮೆನೂಲಿನ ಕಟ್ಟನ್ನು ತಂದುಕೊಡಬೇಕು. ಯಾವ ಲಡಿ ಯಾವ ಗೂಟಕ್ಕೆ ತೂಗುಹಾಕಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡು ಅಷ್ಟು ವರ್ಷ ತಳ್ಳಿದೆ. ಯಾರಾದರೂ ಗೂಟ ಬದಲಾಯಿಸಿದ ದಿನ ಬೈಸಿಕೊಳ್ಳುತ್ತಿದ್ದೆ.

ಹದಿನಾರು ತುಂಬಿದ ವರ್ಷ ಅಪ್ಪ ನನ್ನನ್ನು ಮಗ್ಗಕ್ಕೆ ಕೂರಿಸಿದರು. ಅದು ಕೆಂಪು ಸೀರೆ. ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕೊಳವೆಗೆ ನಮ್ಮಲ್ಲಿ ಕಂಡಿಕೆ ಅನ್ನುತ್ತಾರೆ. ಒಂದು ಕಂಡಿಕೆ ಮುಗಿದಾಗ ಬುಟ್ಟಿಯಿಂದ ಇನ್ನೊಂದನ್ನು ಎತ್ತಿಕೊಂಡೆ. ಅದು ಅಂಚಿಗೆಂದು ಸುತ್ತಿಟ್ಟಿದ್ದ ಹಸಿರು. ಒಂದು ಮೊಳ ನೇಯ್ದ ಮೇಲೆ ಅಪ್ಪ ಬಂದು ನೋಡಿದರು. ಬಯ್ಯಲಿಲ್ಲ, ಹೊಡೆಯಲಿಲ್ಲ. ಕೆಂಪು ಹಾಸಿನ ಮೇಲೆ ಬಿದ್ದ ಹಸಿರು ಹೊಕ್ಕನ್ನು ಎಳೆಎಳೆಯಾಗಿ ಬಿಚ್ಚುತ್ತಾ, "ಇವನಿಗೆ ನಿಗಾ ಇಲ್ಲ" ಎಂದಷ್ಟೇ ಹೇಳಿದರು. ನಿಗಾ ಇಲ್ಲ ಅನ್ನಿಸಿಕೊಳ್ಳುವುದು ಸುಲಭ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಕಣ್ಣೇ ಸರಿಯಿಲ್ಲ ಎಂದರೆ ನೇಕಾರರ ಮನೆಯಲ್ಲಿ ಏನು ಉಳಿಯಿತು? ನಾನು ಸುಮ್ಮನಿದ್ದುಬಿಟ್ಟೆ.

ಆಮೇಲೆ ಮಗ್ಗ ಮುಟ್ಟಲಿಲ್ಲ. ಹಿಂದೂಪುರಕ್ಕೆ ಬಂದು ಕಂಪ್ಯೂಟರ್ ಕಲಿತೆ. ಈಗ ಹುಣಸೆಹಣ್ಣಿನ ಮಂಡಿಗಳಿಗೆ ತೂಕದ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಮಂಡಿಗಳ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಹಣ್ಣು ಬರುವ ಕಾಲದಲ್ಲಿ ಗಾಳಿಯೆಲ್ಲ ಹುಳಿ. ಮದುವೆಯಾಗಲಿಲ್ಲ. ಒಮ್ಮೆ ಪರಿಗಿ ಕಡೆ ಹೆಣ್ಣು ನೋಡಲು ಹೋಗಿದ್ದೆ. ಏನಾದರೂ ಮಾತಾಡಪ್ಪ ಎಂದು ಹಿರಿಯರು ಒತ್ತಾಯ ಮಾಡಿದಾಗ, ಧೈರ್ಯ ಮಾಡಿ, "ಹಸಿರು ಸೀರೆ ನಿಮಗೆ ಚೆನ್ನಾಗಿ ಒಪ್ಪುತ್ತದೆ" ಎಂದೆ. ಆಕೆ ಉಟ್ಟಿದ್ದು ಕೆಂಪು. ಕೋಣೆ ತುಂಬ ಹೆಂಗಸರು ನಕ್ಕರು, ಆಕೆಯ ಕಣ್ಣಲ್ಲಿ ನೀರು ಬಂತು, ಗೇಲಿ ಮಾಡಿದೆನೆಂದು ಅಂದುಕೊಂಡಳು. ಅಲ್ಲಿಂದಾಚೆಗೆ ಯಾರು ಕರೆದರೂ ನಾನು ಹೆಣ್ಣು ನೋಡಲು ಹೋಗಲಿಲ್ಲ.

ಒಂಟಿಯಾಗಿರುವುದು ಅಭ್ಯಾಸವಾಗುತ್ತದೆ ಅನ್ನುತ್ತಾರೆ. ಸುಳ್ಳು. ಅಭ್ಯಾಸವಾಗುವುದು ಒಂಟಿತನದ ಕೆಲಸಗಳು ಮಾತ್ರ: ಒಂದೇ ಲೋಟ ತೊಳೆಯುವುದು, ಬೀಗ ಹಾಕಿ ಎರಡು ಸಲ ಎಳೆದು ನೋಡುವುದು. ತರಕಾರಿ ಅಂಗಡಿಯಲ್ಲಿ ಟೊಮೇಟೊ ಹಣ್ಣೋ ಕಾಯೋ ಎಂದು ಅಮುಕಿ ಅಮುಕಿ ನೋಡುವಾಗ, ಅಂಗಡಿಯಾಕೆ "ಕಣ್ಣಿಲ್ವಾ ಸಾರ್, ಅಮುಕ್ಬೇಡಿ" ಎಂದು ಗದರುವಾಗ, ಪಕ್ಕದಲ್ಲಿ ನಿಂತು ಇದು ಹಣ್ಣು, ಅದು ಕಾಯಿ ಎಂದು ಹೇಳುವ ಒಬ್ಬರಾದರೂ ಬೇಕಿತ್ತು ಅನ್ನಿಸುತ್ತಿತ್ತು. ಆ ಒಬ್ಬರನ್ನೇ ಒಂದು ಯಂತ್ರದಲ್ಲಿ ಮಾಡಿಕೊಂಡರೆ ಹೇಗೆ ಎಂದು ಯೋಚನೆ ಬಂದದ್ದು ಅಂಥ ಒಂದು ದಿನವೇ.

ಚಿತ್ರಗಳನ್ನು ನೋಡಿ ಅದರಲ್ಲಿ ಏನಿದೆ, ಯಾವ ಬಣ್ಣವಿದೆ ಎಂದು ಲೆಕ್ಕ ಹಾಕುವ ಒಂದು ದೊಡ್ಡ ಲೈಬ್ರರಿ ಇದೆ. ಲೈಬ್ರರಿ ಎಂದರೆ ಯಾರೋ ಬರೆದಿಟ್ಟ, ನಾವು ಕರೆದು ಕೆಲಸ ಮಾಡಿಸಿಕೊಳ್ಳಬಹುದಾದ ಪ್ರೋಗ್ರಾಂಗಳ ಗಂಟು. ಅದನ್ನು ಬರೆದಿರುವುದು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ. ನನಗೆ ಬರುವುದು ಸಿ ಶಾರ್ಪ್ ಒಂದೇ. ಪುಣ್ಯಕ್ಕೆ ಇವೆರಡರ ನಡುವೆ ದುಭಾಷಿಯಾಗಿ ಕೂತಿರುವ ಇನ್ನೊಂದು ಲೈಬ್ರರಿ ಸಿಕ್ಕಿತು. ನಾನು ಇತ್ತ ಸಿ ಶಾರ್ಪಿನಲ್ಲಿ ಹೇಳಿದ್ದನ್ನು ಅದು ಅತ್ತ ತಿಳಿಸಿ ಉತ್ತರ ತಂದುಕೊಡುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮಗೆ ಇದೇನು ಹೊಸದಲ್ಲ. ಒಂದು ಥರ್ಮೋಕೋಲ್ ಡಬ್ಬಕ್ಕೆ ತೂತು ಮಾಡಿ ಕ್ಯಾಮೆರಾ ಇಳಿಸಿದೆ, ಒಳಗೆ ಬಿಳಿ ಬಲ್ಬು ಸಿಕ್ಕಿಸಿದೆ, ಎರಡು ಟೊಮೇಟೊ ಇಟ್ಟೆ.

ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಟೊಮೇಟೊ ನೀಲಿಯಾಗಿ ಕಂಡಿತು.

ಇನ್ನೊಂದು ಎಂದಿನಂತೆ ಮಣ್ಣುಬಣ್ಣ. ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು. ಜನ ಸಾಮಾನ್ಯವಾಗಿ ಬಣ್ಣದ ಅಂಕಿಗಳನ್ನು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಇಡುತ್ತಾರೆ. ಈ ಲೈಬ್ರರಿ ನೀಲಿ, ಹಸಿರು, ಕೆಂಪು ಎಂದು ತಿರುವುಮುರುವಾಗಿ ಇಡುತ್ತದೆ. ನಾನು ತಿರುಗಿಸದೆ ಹಾಗೇ ಪರದೆಗೆ ಕಳಿಸಿದ್ದೆ. ಕೆಂಪು ಇದ್ದದ್ದೆಲ್ಲ ನೀಲಿಯಾಗಿತ್ತು. ಹೊಸಬರೆಲ್ಲ ಮಾಡುವ ತಪ್ಪು ಇದು, ನೋಡಿದ ಕೂಡಲೇ ತಿದ್ದಿಕೊಳ್ಳುತ್ತಾರೆ. ನಾನು ತಿದ್ದಲಿಲ್ಲ. ನಲವತ್ತಾರು ವರ್ಷದ ಗಂಡಸು ಕುರ್ಚಿಯ ಮೇಲೆ ಕೂತು ಒಂದು ಟೊಮೇಟೊ ನೋಡಿಕೊಂಡು ಅತ್ತೆ ಎಂದರೆ ನಂಬುತ್ತೀರೋ ಇಲ್ಲವೋ. ಜೀವಮಾನದಲ್ಲೇ ಮೊದಲ ಸಲ ಒಂದು ಹಣ್ಣು ಕಾಯಿಯ ಪಕ್ಕದಲ್ಲಿ ಬೇರೆಯಾಗಿ ಕಂಡಿತ್ತು. ಮೆಣಸಿನಕಾಯಿ ತಂದು ನೋಡಿದೆ, ಕುಂಕುಮ ನೋಡಿದೆ, ನನ್ನದೇ ನಾಲಗೆ ಚಾಚಿ ನೋಡಿದೆ. ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ.

ಒಂದು ತಿಂಗಳು ಹಾಗೇ ಇಟ್ಟುಕೊಂಡು ಆಮೇಲೆ ತಿದ್ದಿದೆ. ಕಸುಬುದಾರನ ಅಹಂಕಾರ. ತಪ್ಪು ಎಂದು ಗೊತ್ತಿದ್ದೂ ಬಿಡುವುದು ಹೇಗೆ? ಅದೂ ಅಲ್ಲದೆ ಕಣ್ಣನ್ನು ನಂಬುವ ಗೊಡವೆಯೇ ಬೇಡ, ಅಂಕಿಯನ್ನೇ ನಂಬೋಣ ಎಂದು ತೀರ್ಮಾನಿಸಿದ್ದೆ. ಒಂದು ವಸ್ತುವನ್ನು ಮೊದಲು ಮಾದರಿಯಾಗಿ ತೋರಿಸಬೇಕು, ಆಮೇಲೆ ಇನ್ನೊಂದನ್ನು ಇಡಬೇಕು. ಎರಡರ ಬಣ್ಣಕ್ಕೆ ಎಷ್ಟು ಅಂತರ ಎಂದು ಪ್ರೋಗ್ರಾಂ ಹೇಳುತ್ತದೆ. ಸೊನ್ನೆ ಬಂದರೆ ಒಂದೇ ಬಣ್ಣ. ಟೊಮೇಟೊ, ನಿಂಬೆ, ಬದನೆ ಎಲ್ಲ ಇಟ್ಟು ನೋಡಿದೆ, ಸರಿಯಾಗೇ ಹೇಳಿತು.

ಆ ಹೊತ್ತಿಗೆ ಕಲ್ಯಾಣದುರ್ಗದಿಂದ ಅಣ್ಣನ ಫೋನು ಬಂತು. ಅವನ ಒಬ್ಬಳೇ ಮಗಳ ಮದುವೆ. ಧಾರೆ ಸೀರೆ ಮಗ್ಗದ ಮೇಲಿತ್ತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮನೆಮಗಳ ಧಾರೆ ಸೀರೆಯಲ್ಲಿ ಮನೆಯವರೆಲ್ಲ ಒಂದೊಂದು ಗೇಣಾದರೂ ನೇಯಬೇಕು, ನೇಯ್ದ ಗೇಣನ್ನು ಏನೇ ಆದರೂ ಬಿಚ್ಚಬಾರದು. ಅಕ್ಕಂದಿರ ಮದುವೆಗಳಲ್ಲಿ ನಾನು ಒಂದಲ್ಲ ಒಂದು ನೆಪ ಹೇಳಿ ಮುಹೂರ್ತದ ಹೊತ್ತಿಗೆ ಹೋಗಿ ನಿಂತಿದ್ದೆ.

"ಈ ಸಲ ತಪ್ಪಿಸ್ಕಂಡ್ರೆ ಇನ್ಯಾವ ಮದ್ವೆ ಐತಪ್ಪ ಈ ಮನೇಲಿ?" ಎಂದ ಅಣ್ಣ. "ನಿನ್ನ ಗೇಣು ಒಂದೇ ಬಾಕಿ. ಕೆಂಪು ಮುಗಿದೋಗೈತೆ, ಬಣ್ಣ ಹಾಕ್ತಿದ್ದೋನು ಊರು ಬಿಟ್ಬುಟ್ಟವ್ನೆ. ಎಳೆ ಕಳಿಸ್ತೀನಿ, ಹಿಂದೂಪುರದಾಗೆ ಇಂಥದ್ದೇ ಸಿಕ್ತದೆ. ನೋಡ್ಕಂಡು ತಕ್ಕಂಬಾ."

"ನಾನಾ? ನಂಗೆಲ್ಲಿ ಗೊತ್ತಾಗ್ತದೆ ಅಣ್ಣ?"

"ನೇಕಾರನ ಮಗ ಕಣ್ಲಾ ನೀನು. ಗೊತ್ತಾಗ್ತದೆ ಬಾ."

ಬಸ್ಸಿನ ಕಂಡಕ್ಟರ್ ಕೈಲಿ ಕವರು ಬಂತು. ಒಳಗೆ ಸುರುಳಿ ಸುತ್ತಿದ ನೂಲು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಈ ಒಂದು ಬಣ್ಣವನ್ನು ಸರಿಯಾಗಿ ತಂದುಬಿಟ್ಟರೆ ಮೂವತ್ತು ವರ್ಷದ ಹಿಂದೆ ಎದ್ದುಬಂದ ಮಗ್ಗಕ್ಕೆ ಹೋಗಿ ಕೂರಬಹುದಿತ್ತು. ತಪ್ಪಿದರೆ ಆ ಮನೆಯ ಬಟ್ಟೆಯಲ್ಲಿ ನನ್ನದು ಅಂತ ಒಂದು ಎಳೆಯೂ ಇರುವುದಿಲ್ಲ. ಅಷ್ಟು ಆಸೆಯನ್ನು ನಾನು ಯಾವುದರ ಮೇಲೂ ಇಟ್ಟಿರಲಿಲ್ಲ.

ಪ್ರೋಗ್ರಾಂನಲ್ಲಿ ಒಂದು ತೊಂದರೆ ಮಾತ್ರ ಉಳಿದಿತ್ತು. ಅರ್ಧ ಗಂಟೆ ಓಡಿದರೆ ಮೆಮೊರಿ ತುಂಬಿ ಲ್ಯಾಪ್‌ಟಾಪ್ ಕಲ್ಲಾಗುತ್ತಿತ್ತು. ಸಿ ಶಾರ್ಪ್ ಅನುಕೂಲಸ್ಥರ ಮನೆ ಇದ್ದ ಹಾಗೆ. ಉಂಡು ಎದ್ದರೆ ಸಾಕು, ಎಲೆ ಎತ್ತಲು ಜನ ಇರುತ್ತಾರೆ. ಆದರೆ ದುಭಾಷಿಯ ಆಚೆ ಬದಿಯಲ್ಲಿ ಉಂಡ ಎಲೆಯನ್ನು ನಾವೇ ಎತ್ತಬೇಕು, ಇತ್ತಲಿನ ಆಳುಗಳಿಗೆ ಅದು ಕಾಣುವುದೇ ಇಲ್ಲ. ನಾನು ಸೆಕೆಂಡಿಗೆ ಹತ್ತಾರು ಚಿತ್ರ ತೆಗೆದು ಎತ್ತದೆ ಬಿಡುತ್ತಿದ್ದೆ. ಅದಕ್ಕೊಂದು ಉಪಾಯ ಮಾಡಿದೆ. ಪ್ರತಿ ಚಿತ್ರಕ್ಕೂ ಹೊಸ ಎಲೆ ಯಾಕೆ, ಒಂದೇ ಎಲೆ ಹಾಕಿಕೊಂಡು ಅದರ ಮೇಲೇ ಮತ್ತೆ ಮತ್ತೆ ಬಡಿಸಿಕೊಂಡರಾಯಿತು. ನಾಲ್ಕು ಸಾಲು ಬದಲಾಯಿಸಿದೆ. ಮೆಮೊರಿ ತುಂಬುವುದು ನಿಂತಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೆಯ ದಿನ ನೂಲಿನ ಅಂಗಡಿಗೆ ಹೋದೆ. ಅಂಗಡಿಯವರು ಮದುವೆ ಗಿರಾಕಿಗಳ ಮಧ್ಯೆ ಮುಳುಗಿದ್ದರು. "ಮೀರೇ ಚೂಸ್ಕೋಂಡಿ ಸಾರ್, ನೀವೇ ನೋಡಿ ಆರಿಸ್ಕಳ್ಳಿ, ನಂಬರ್ ಹೇಳಿದ್ರೆ ಕಟ್ಸಿಕೊಡ್ತೀನಿ" ಎಂದು ಎಳೆಗಳನ್ನು ಕಟ್ಟಿದ ಹಲಗೆಯನ್ನು ನನ್ನ ಮುಂದೆ ತಳ್ಳಿದರು. ಅಣ್ಣನ ಎಳೆಗೆ ಹತ್ತಿರವಿದೆ ಅನ್ನಿಸಿದ ನಾಲ್ಕನ್ನು ಕೇಳಿ ಕೋಣೆಗೆ ತಂದೆ. ಅಣ್ಣನ ಎಳೆಯನ್ನು ಡಬ್ಬದಲ್ಲಿಟ್ಟು ಮಾದರಿ ಎಂದು ಒತ್ತಿದೆ. ಅದನ್ನು ತೆಗೆದು ಅಂಗಡಿಯ ಮೊದಲನೆಯ ಎಳೆಯನ್ನು ಇಟ್ಟೆ. ಸೊನ್ನೆ.

ಹತ್ತಿರ ಹತ್ತಿರ ಅಲ್ಲ, ಅಖಂಡ ಸೊನ್ನೆ. ಕುರ್ಚಿಯಿಂದ ಎದ್ದು ಕೋಣೆಯಲ್ಲೇ ಎರಡು ಸುತ್ತು ಹಾಕಿದೆ. ಉಳಿದ ಮೂರನ್ನು ಇಟ್ಟು ನೋಡುವ ವಿವೇಕ ಎಲ್ಲಿಂದ ಬರಬೇಕು? ಅಂಗಡಿ ಮುಚ್ಚಿಬಿಟ್ಟಾರು ಎಂದು ಓಡಿಹೋಗಿ ಆ ನಂಬರಿನ ನೂಲು ಕಟ್ಟಿಸಿಕೊಂಡು ಬಂದೆ.

ಬೆಳಗಿನ ಬಸ್ಸಿಗೆ ಹೊರಟು, ಪಾವಗಡದಲ್ಲಿ ಬಸ್ ಬದಲಾಯಿಸಿ, ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆ. ನೂಲಿನ ಕವರು ಅಣ್ಣನ ಕೈಗೆ ಕೊಟ್ಟೆ. ಅವನು ಬಿಚ್ಚಿ ನೋಡಿದ. ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದ. ಅತ್ತಿಗೆಯೂ ಬಂದು ನೋಡಿದರು, ಮದುವೆಯ ಹುಡುಗಿಯೂ ನೋಡಿದಳು. ನಾನು ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದೆ.

"ಹೆಂಗೈತೆ ಅಣ್ಣ?"

"ಒಳ್ಳೆ ನೂಲು" ಎಂದ ಅಣ್ಣ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಕಂಡಿಕೆ ಸುತ್ತು" ಎಂದ.

ಅತ್ತಿಗೆ ರಾಟೆಯ ಮುಂದೆ ಕೂತು ನೂಲನ್ನು ಕಂಡಿಕೆಗೆ ಸುತ್ತಿದರು. ಅಣ್ಣ ತನ್ನ ಕೈಯಾರೆ ಲಾಳಿಗೆ ಕೂರಿಸಿ ನನ್ನ ಕೈಗೆ ಕೊಟ್ಟ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಾಗ ಮೊದಮೊದಲು ತುಳಿತ ತಪ್ಪಿತು, ಆಮೇಲೆ ಕಾಲುಗಳಿಗೇ ನೆನಪು ಬಂತು. "ಚಿಕ್ಕಪ್ಪ, ನಿಧಾನ ಕಣಪ್ಪ, ಮದ್ವೆ ಇನ್ನೂ ಹತ್ತು ದಿನ ಐತೆ" ಎಂದು ಹುಡುಗಿ ಪಕ್ಕದಲ್ಲಿ ಕೂತು ರೇಗಿಸಿದಳು. ಒಂದು ಗೇಣಾಗುವವರೆಗೂ ಅವಳು ಎದ್ದು ಹೋಗಲಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ಕೂತು ಮುದ್ದೆ ಉಂಡೆವು. ಎಷ್ಟೋ ವರ್ಷದ ಮೇಲೆ ನಾನು ಆ ಮನೆಯಲ್ಲಿ ನೆಂಟನಂತೆ ಕೂರಲಿಲ್ಲ.

ಹಿಂದೂಪುರಕ್ಕೆ ವಾಪಸು ಬಂದ ಮೂರನೆಯ ದಿನ ನೂಲಿನ ಅಂಗಡಿಯವರಿಗೂ ಈ ಪ್ರೋಗ್ರಾಂ ತೋರಿಸೋಣವೆಂದು ತೆರೆದೆ. ಅಣ್ಣನ ಎಳೆ ಮಾದರಿಗಿಟ್ಟು, ತಮಾಷೆಗೆಂದು ಒಂದು ನಿಂಬೆಹಣ್ಣು ಇಟ್ಟೆ. ಸೊನ್ನೆ ಬಂತು. ಬಿಳಿ ಕರವಸ್ತ್ರ ಇಟ್ಟೆ. ಸೊನ್ನೆ. ಖಾಲಿ ಡಬ್ಬಕ್ಕೂ ಸೊನ್ನೆ.

ಕೂತು ಸಾಲು ಸಾಲಾಗಿ ಓದಿದೆ. ಮಾದರಿ ಎಂದು ಒತ್ತಿದಾಗ ಚಿತ್ರದ ಪ್ರತಿ ತೆಗೆದಿಡಬೇಕಿತ್ತು. ನಾನು ಪ್ರತಿ ತೆಗೆಯದೆ, "ಆ ಎಲೆಯಲ್ಲಿ ಇರುವುದೇ ಮಾದರಿ" ಎಂದಷ್ಟೇ ಬರೆದಿದ್ದೆ. ಪ್ರತಿ ಚಿತ್ರಕ್ಕೂ ಹೊಸ ಎಲೆ ಇದ್ದಾಗ ಅದು ಸರಿಯಾಗೇ ನಡೆದಿತ್ತು. ಒಂದೇ ಎಲೆ ಮಾಡಿದ ಮೇಲೆ, ಎರಡನೆಯ ಚಿತ್ರ ಬಂದು ಅದೇ ಎಲೆಯ ಮೇಲೆ ಬಿದ್ದು, ಮಾದರಿಯೂ ಅದೇ ಆಗಿಬಿಡುತ್ತಿತ್ತು. ಪ್ರೋಗ್ರಾಂ ಒಂದು ಎಳೆಯನ್ನು ಅದೇ ಎಳೆಯ ಜೊತೆ ಹೋಲಿಸಿ ಸೊನ್ನೆ ಎಂದು ಹೇಳಿತ್ತು. ಕಣ್ಣಿದ್ದವರು ಯಾರೇ ಆಗಲಿ ಎರಡು ಎಳೆಗಳನ್ನು ಪಕ್ಕದಲ್ಲಿಟ್ಟು ಒಮ್ಮೆ ನೋಡಿದ್ದರೆ ಸಾಕಿತ್ತು. ಅಂಗಡಿಯವರನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು. ಕೆಂಪು ನೀಲಿಯಾಗಿ ಕಾಣುತ್ತಿದ್ದ ಆ ಹಳೆಯ ತಪ್ಪನ್ನು ತಿದ್ದದೇ ಬಿಟ್ಟಿದ್ದರೆ ನನಗೇ ಕಾಣುತ್ತಿತ್ತು. ಧಾರೆ ಸೀರೆ ನೆನಪಾಯಿತು. ನೇಯ್ದ ಗೇಣನ್ನು ಬಿಚ್ಚುವಂತಿಲ್ಲ.

ಅಣ್ಣನಿಗೆ ಫೋನು ಮಾಡಿದೆ. ಆಚೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು.

"ಅಣ್ಣ, ನಾನು ತಂದಿದ್ದು ಯಾವ ಬಣ್ಣ?"

ಸದ್ದು ನಿಂತಿತು. "ಯಾಕ್ಲಾ?"

"ಹೇಳು ನೀನು."

"ಹಸಿರು ಕಣ್ಲಾ. ಗಿಳಿ ಹಸಿರಲ್ಲ. ಎಲೆ ಹಸಿರು."

"ನಿಂಗೆ ಯಾವಾಗ ಗೊತ್ತಾಯ್ತು?"

"ಕವರು ಬಿಚ್ಚಿದಾಗ್ಲೇ. ನಿಮ್ಮತ್ತಿಗೇಗೂ ಗೊತ್ತು, ಮಗೀಗೂ ಗೊತ್ತು."

ನನಗೆ ರೇಗಿಹೋಯಿತು. "ಗೊತ್ತಿದ್ದೂ ಲಾಳಿ ಕೈಗೆ ಕೊಟ್ಟೆಯಾ? ಆ ಮಗು ಅದನ್ನ ಉಟ್ಕಂಡು ಧಾರೆಗೆ ನಿಂತ್ಕಬೇಕು. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆಲ್ಲ?"

"ಹೇಳಿದ್ರೆ ನೀನು ಕೂರ್ತಿದ್ದಾ?" ಎಂದ ಅಣ್ಣ ಮೆಲ್ಲಗೆ. "ಎದ್ದು ಬಸ್ ಹತ್ತುಬುಡ್ತಿದ್ದೆ. ನೀನು ಕಾಲು ತೊಳ್ಕಳ್ಳಾಕೆ ಹೋದಾಗ ಮಗೀನ ಕೇಳ್ದೆ. 'ಚಿಕ್ಕಪ್ಪ ಏನ್ ತಂದೈತೋ ಅದ್ರಾಗೇ ನೇಯ್ಲಿ' ಅಂದ್ಲು."

"ನನ್ನ ಕಣ್ಣಿನ ವಿಷ್ಯ?"

"ಅದಾ? ಅಪ್ಪನಿಗೂ ಗೊತ್ತಿತ್ತು. ನೀನು ಆ ಹಸಿರು ಕಂಡಿಕೆ ಹಾಕ್ದೆ ನೋಡು, ಅವತ್ತಿಂದ್ಲೇ. ನೀನಾಗೇ ಹೇಳ್ಲಿ ಅಂತ ಸುಮ್ಕಿದ್ರು. ನಾವೂ ಅಂಗೇ ಇದ್ಬುಟ್ವಿ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ಆ ಬೆಕ್ಕಿಗಾದರೂ ಹಾಲು ಸಿಕ್ಕಿತು. ನಾನು ಕಣ್ಣು ಮುಚ್ಚಿಕೊಂಡು ಮೂವತ್ತು ವರ್ಷ ಉಪವಾಸವಿದ್ದೆ. ಗುಟ್ಟು ಅಂತ ಎದೆಗೆ ಅವುಚಿಕೊಂಡು ಊರು ಬಿಟ್ಟದ್ದು, ಮದುವೆಗಳಿಗೆ ತಡವಾಗಿ ಹೋದದ್ದು, ಯಾರೂ ಹತ್ತಿರ ಬಾರದ ಹಾಗೆ ನೋಡಿಕೊಂಡದ್ದು, ಎಲ್ಲ ಮನೆಮಂದಿಗೆಲ್ಲ ತಿಳಿದಿದ್ದ ಒಂದು ಸಂಗತಿಗಾಗಿ. ಸಿಟ್ಟು ಅವರ ಮೇಲಾ ನನ್ನ ಮೇಲಾ ಎಂದು ತಿಳಿಯಲಿಲ್ಲ. ಫೋನನ್ನು ಇಟ್ಟುಬಿಡೋಣ ಅನ್ನಿಸಿತು, ಇಡಲಿಲ್ಲ. ಹುಟ್ಟಿದಾರಭ್ಯ ಯಾರನ್ನೂ ಕೇಳದಿದ್ದ ಒಂದು ಮಾತನ್ನು ಆಗ ಕೇಳಿದೆ.

"ಅದು ಹೆಂಗೆ ಕಾಣ್ತದೆ ಅಣ್ಣ?"

ಜೀವಮಾನವೆಲ್ಲ ಬಣ್ಣದಲ್ಲೇ ಕಳೆದ ನನ್ನಣ್ಣ ತಡವರಿಸಿದ. ಅವನು ಎದ್ದು, ಮಗ್ಗದಿಂದ ಇಳಿಸಿ ಮಡಚಿಟ್ಟಿದ್ದ ಧಾರೆ ಸೀರೆಯ ಕಡೆ ಹೋದದ್ದು, ಮಡಿಕೆ ಬಿಚ್ಚಿದ್ದು ಫೋನಿನಲ್ಲೇ ಕೇಳಿಸಿತು.

"ಬಿಸಿಲಿಗೆ ಇಂಗ್ ತಿರುಗಿಸಿದ್ರೆ ಒಂದು ಥರ, ಅಂಗ್ ತಿರುಗಿಸಿದ್ರೆ ಇನ್ನೊಂದು ಥರ" ಎಂದ. "ನಂದು, ನಿಮ್ಮತ್ತಿಗೇದು, ಅಕ್ಕಂದಿರದು, ಎಲ್ಲ ಒಂದ್ರಾಗೊಂದು ಸೇರ್ಕಂಡ್ಬುಟ್ಟೈತೆ ಕಣ್ಲಾ. ಯಾರ ಗೇಣು ಯಾವ್ದು ಅಂತ ನಂಗೇ ಗೊತ್ತಾಗಾಕಿಲ್ಲ. ನಿಂದೊಂದೇ, ಬಾಗ್ಲಾಗೆ ನಿಂತ್ಕಂಡು ನೋಡಿದ್ರೂ ಗೊತ್ತಾಗ್ತದೆ."